ಜೀವಕಣಕ್ಕೂ ಒಂದು ಕೋಡಿ

ನಮ್ಮ ಹಿರಿಯರು ಕೆರೆ ಕಟ್ಟಿದಾಗ ಕೋಡಿಯನ್ನೂ ಕಟ್ಟಿದರು. ಕೋಡಿಯಿಲ್ಲದ ಕೆರೆಯ ಏರಿ ಒಂದೇ ದೊಡ್ಡ ಮಳೆಗೆ ಒಡೆದೀತು. ಇತಿಹಾಸದ ವಿದ್ಯಾರ್ಥಿಯಾದ ನಾನು, ಈ ನ್ಯಾಯವು ಕಣ್ಣಿಗೆ ಕಾಣದ ಜೀವಕಣಕ್ಕೂ ಸಲ್ಲುವುದೆಂದು ಓದಿ ಬೆರಗಾದೆ. ಅದನ್ನೇ ವಾಚಕರ ಮುಂದಿಡಲು ಬಯಸುತ್ತೇನೆ.

ನಮ್ಮ ಕರುಳಿನಲ್ಲಿರುವ ಈ. ಕೋಲಿ ಎಂಬ ಏಕಾಣುಜೀವಿಯು ಹೊರಬಂದು ಮಳೆನೀರಿಗೆ ಬಿದ್ದಿತೆನ್ನಿ. ಒಳಗೆ ಲವಣ ಹೆಚ್ಚು, ಹೊರಗೆ ಕಡಿಮೆ. ಆದುದರಿಂದ ನೀರು ಒಳನುಗ್ಗುತ್ತದೆ. ಕಣವು ಉಬ್ಬಿ, ಅದರ ಪೊರೆ ಬಿಗಿಯುತ್ತದೆ. ಆಗ ಪೊರೆಯಲ್ಲಿ ಹುದುಗಿರುವ ಕೆಲವು ಪ್ರೋಟೀನುಗಳು ಆ ಸೆಳೆತಕ್ಕೇ ಬಾಯಿ ತೆರೆದು, ಅಯಾನುಗಳನ್ನೂ ಸಣ್ಣ ಅಣುಗಳನ್ನೂ ಹೊರಕ್ಕೆ ಹರಿಸುತ್ತವೆ. ಬಿಗಿತ ಇಳಿದಾಗ ಮುಚ್ಚಿಕೊಳ್ಳುತ್ತವೆ. 1987ರಲ್ಲಿ ಮಾರ್ಟಿನಾಕ್, ಚಿಂಗ್ ಕುಂಗ್ ಮೊದಲಾದವರು ಇಂಥ ದ್ವಾರಗಳ ಇರವನ್ನು ತೋರಿಸಿದರು. ಇವುಗಳಲ್ಲಿ ದೊಡ್ಡದು ಎಂಎಸ್‌ಸಿಎಲ್; ಪೂರ್ತಿ ತೆರೆದಾಗ ಅದರ ಅಗಲ ಸುಮಾರು 3 ನ್ಯಾನೊಮೀಟರ್. ಚಿಕ್ಕದು ಎಂಎಸ್‌ಸಿಎಸ್. ಈ ಎರಡೂ ಇಲ್ಲದ ಕಣಗಳು ಹೀಗೆ ಹಠಾತ್ತನೆ ತಿಳಿನೀರಿಗೆ ಸಿಕ್ಕಿದರೆ ಸಾಯುತ್ತವೆಂದು 1999ರಲ್ಲಿ ಸಿದ್ಧವಾಯಿತು.

ಚಿಕ್ಕ ದ್ವಾರದ ವಂಶ ಬಹು ಹಳೆಯದು. ಅದು ಸಸ್ಯಗಳಲ್ಲಿಯೂ ಇದೆ. ಎಲೆಯ ಹಸುರು ಕಣಗಳು ಒಂದು ಕಾಲಕ್ಕೆ ಸ್ವತಂತ್ರ ಏಕಾಣುಜೀವಿಗಳಾಗಿದ್ದವಷ್ಟೆ. ಅವುಗಳ ಆಕಾರ, ಗಾತ್ರಗಳನ್ನು ಇಂದಿಗೂ ಈ ವಂಶದ ದ್ವಾರಗಳೇ ಕಾಯುತ್ತಿವೆ. ಒಣಗಿದ ಪರಾಗವು ನೀರು ಹೀರುವಾಗ ಒಡೆಯದಂತೆ ನೋಡಿಕೊಳ್ಳುವುದೂ ಇದೇ ವಂಶದ ಇನ್ನೊಂದು ದ್ವಾರ.

ಪ್ರಾಣಿಗಳಲ್ಲಿ ಈ ಕೆಲಸಕ್ಕೆ ಬೇರೆ ಮನೆತನಗಳಿವೆ. 2010ರಲ್ಲಿ ಕೋಸ್ಟ್ ಮತ್ತು ಪಟಪೂಟಿಯನ್ ಅವರ ತಂಡವು ಜೀವಕಣವನ್ನು ಗಾಜಿನ ಕಡ್ಡಿಯಿಂದ ಚುಚ್ಚಿ ನೋಡುತ್ತ, ಒಂದೊಂದೇ ಜೀನನ್ನು ಅಡಗಿಸುತ್ತ ಹೋಯಿತು. 72ನೆಯದನ್ನು ಅಡಗಿಸಿದಾಗ ಕಣವು ಚುಚ್ಚಿಗೆ ಓಗೊಡಲಿಲ್ಲ! ಅದಕ್ಕೆ 'ಪೀಜೊ' ಎಂದು ಹೆಸರಾಯಿತು; ಗ್ರೀಕ್ ಭಾಷೆಯಲ್ಲಿ ಒತ್ತುವುದೆಂದರ್ಥ. ಪೀಜೊ-1 ರಕ್ತನಾಳಗಳಲ್ಲಿ ರಕ್ತದ ಹರಿವನ್ನು ಅರಿಯುತ್ತದೆ. ಪೀಜೊ-2 ಸ್ಪರ್ಶವನ್ನು ಅರಿಯುತ್ತದೆ. 2021ರಲ್ಲಿ ಪಟಪೂಟಿಯನ್ನರು ಡೇವಿಡ್ ಜೂಲಿಯಸ್ಸರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಇದು ಕೇವಲ ಪಂಡಿತರ ಕುತೂಹಲವಲ್ಲ. ಹುಟ್ಟಿನಿಂದಲೇ ಪೀಜೊ-2 ಕೆಲಸಮಾಡದ ಕೆಲವರಿದ್ದಾರೆ. ಕಣ್ಣು ಕಟ್ಟಿದರೆ ತಮ್ಮ ಕೈಕಾಲು ಎತ್ತ ಬಾಗಿವೆಯೆಂದು ಅವರಿಗೆ ತಿಳಿಯದು. ನಾಲ್ಕು ಹೆಜ್ಜೆ ನಡೆಯುವುದೂ ಕಷ್ಟ. ಕತ್ತಲಲ್ಲಿ ತಡವರಿಸದೆ ತುತ್ತನ್ನು ಬಾಯಿಗೊಯ್ಯುವ ನಾವು, ಅದನ್ನೊಂದು ಶಕ್ತಿಯೆಂದು ಎಣಿಸಿಯೇ ಇಲ್ಲ.

ಏಕಾಣುಜೀವಿಗೆ ಒತ್ತಡವು ಪ್ರಾಣಸಂಕಟ; ನಮಗೆ ಅದೇ ಅರಿವಿನ ಮೂಲ. ಒಡೆಯದೆ ಉಳಿಯಲು ಜೀವವು ಮೊದಲು ಕಲಿತ ಉಪಾಯದ ಬಗೆಯೇ, ತಾಯಿಯ ಕೈ ತಲೆಯ ಮೇಲಿದೆಯೆಂದು ನಮಗೆ ತಿಳಿಸುತ್ತಿದೆ.