ಅಡಗಿ ಹೊಡೆಯುವವನಿಗೂ ಬೆಲೆ ಇರಲಿ
ಶಿವಮೊಗ್ಗದಿಂದ ಭದ್ರಾವತಿಗೆ ಹೋದಾಗಲೆಲ್ಲ ಗೆಳೆಯನ ಜೊತೆ ನಂದು ಒಂದೇ ಜಗಳ: ಗೇಮಲ್ಲಿ ಅಡಗಿ ಹೊಡೆಯುವ ಪಾತ್ರಕ್ಕೆ ಎಷ್ಟು ಬಲ ಇರಬೇಕು?

2011ರ ಸ್ಕೈರಿಮ್‌ನಲ್ಲಿ ಪರ್ಕ್ ಇದ್ದರೆ ಮರೆಯಿಂದ ಹಾಕಿದ ಚೂರಿ ಏಟು 15 ಪಟ್ಟು. ವಿಶೇಷ ಕೈಗವಸು ಸೇರಿದರೆ 30. ಬಾಣ ನೆಟ್ಟ ಕಾವಲುಗಾರನೂ ಸ್ವಲ್ಪ ಹೊತ್ತು ಹುಡುಕಿ ಸುಮ್ಮನಾಗ್ತಾನೆ. ಇನ್ನು ಎದುರಾಎದುರು ಯಾಕೆ ಹೋರಾಡಬೇಕು?

ಡಂಜನ್ಸ್ ಆಂಡ್ ಡ್ರಾಗನ್ಸ್‌ನ 2014ರ ನಿಯಮ ಜಾಣತನದ್ದು. ರೋಗ್‌ಗೆ ಹೆಚ್ಚುವರಿ ಏಟು ಸರದಿಗೆ ಒಮ್ಮೆ ಮಾತ್ರ. ಹೊಡೆದ ಕೂಡಲೇ ಅಡಗಿದ ಜಾಗ ಬಯಲು. ಬಲ ಇರಲಿ, ಆದರೆ ಬಳಸಿದವನು ಕಾಣಲಿ.

ಹೆಸರು ಮುಚ್ಚಿಟ್ಟು ಪಕ್ಷಗಳಿಗೆ ಹಣ ಕೊಡಲು ಬಿಟ್ಟಿದ್ದ ಚುನಾವಣಾ ಬಾಂಡನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದು ಮಾಡಿದಾಗ ಹೇಳಿದ್ದೂ ಅದೇ ತಾನೆ: ಮತದಾರನಿಗೆ ತಿಳಿಯುವ ಹಕ್ಕಿದೆ.