ವೈದ್ಯರ ಸಂಘಟನೆ ಮತ್ತು ಸರ್ಕಾರದ ನೀತಿ: 2017ರ ಒಂದು ಪಾಠ

ಸರ್ಕಾರಕ್ಕೆ ಮನವಿ ಸಲ್ಲಿಸಿ ಕಾನೂನಿನ ಸ್ವರೂಪವನ್ನು ಬದಲಾಯಿಸಲು ಯತ್ನಿಸುವುದು ವಾಣಿಜ್ಯ ಮಂಡಳಿಗಳಿಗಷ್ಟೇ ಸೀಮಿತವಾದುದಲ್ಲ. ಈ ಕಾರ್ಯವನ್ನು ವ್ಯವಸ್ಥಿತವಾಗಿ ನಡೆಸಿಕೊಂಡು ಬಂದ ವೃತ್ತಿಪರರಲ್ಲಿ ವೈದ್ಯರು ಪ್ರಮುಖರು. ಅವರ ಕಾರ್ಯವಿಧಾನವು ವರ್ತಕರ ಹಾಗೂ ಸಣ್ಣ ಉದ್ಯಮಿಗಳ ಗಮನಕ್ಕೆ ಅರ್ಹವಾಗಿದೆ.

ಮೂರು ಬಗೆಯ ಸಂಘಗಳು

1928ರಲ್ಲಿ ಸ್ಥಾಪನೆಗೊಂಡ ಭಾರತೀಯ ವೈದ್ಯಕೀಯ ಸಂಘವು ಆಧುನಿಕ ವೈದ್ಯಪದ್ಧತಿಯ ಎಲ್ಲ ವೈದ್ಯರ ವೇದಿಕೆ. ಊರೂರುಗಳಲ್ಲಿರುವ ಶಾಖೆಗಳೇ ಅದರ ಬಲ. ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು ಮೊದಲಾದವರಿಗೆ ಪ್ರತ್ಯೇಕ ಸಂಘಗಳಿದ್ದು, ಚಿಕಿತ್ಸೆಯ ಮಾನದಂಡದಂತಹ ತಾಂತ್ರಿಕ ವಿಷಯಗಳಲ್ಲಿ ಅವುಗಳ ಮಾತಿಗೆ ತೂಕವಿದೆ. ಮೂರನೆಯದು ಖಾಸಗಿ ಆಸ್ಪತ್ರೆ ಮತ್ತು ನರ್ಸಿಂಗ್ ಹೋಂಗಳ ಮಾಲೀಕರ ಸಂಘ. ಉಪಕರಣಗಳ ವೆಚ್ಚ, ಸಾಲದ ಬಡ್ಡಿ, ಸಿಬ್ಬಂದಿಯ ವೇತನಗಳ ಲೆಕ್ಕವನ್ನು ಸರ್ಕಾರದ ಮುಂದಿಡುವುದು ಇದರ ಕೆಲಸ. ತಜ್ಞವೈದ್ಯರೇ ಸಣ್ಣ ನರ್ಸಿಂಗ್ ಹೋಂ ನಡೆಸುವುದು ಸಾಮಾನ್ಯವಾದುದರಿಂದ ಒಬ್ಬರೇ ಮೂರೂ ಸಂಘಗಳ ಸದಸ್ಯರಾಗಿರುವುದುಂಟು.

2017ರ ತಿದ್ದುಪಡಿ

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ಕ್ಕೆ ತಿದ್ದುಪಡಿ ತರುವ ಮಸೂದೆಯು 2017ರ ಜೂನ್‌ನಲ್ಲಿ ವಿಧಾನಸಭೆಯ ಮುಂದೆ ಬಂದಿತು. ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿಯ ವರದಿಯು ಅದಕ್ಕೆ ಹಿನ್ನೆಲೆಯಾಗಿತ್ತು. ಚಿಕಿತ್ಸಾ ದರವನ್ನು ಸರ್ಕಾರವೇ ನಿಗದಿಪಡಿಸುವುದು, ಮೀರಿದವರಿಗೆ ಜೈಲು ಶಿಕ್ಷೆ ವಿಧಿಸುವುದು ಮುಂತಾದ ಅಂಶಗಳನ್ನು ವೈದ್ಯರು ವಿರೋಧಿಸಿದರು. ಸರ್ಕಾರಿ ಆಸ್ಪತ್ರೆಗಳನ್ನೂ ಕಾಯ್ದೆಯ ವ್ಯಾಪ್ತಿಗೆ ತರಬೇಕೆಂದು ಒತ್ತಾಯಿಸಿದರು.

ನವೆಂಬರ್ 3ರಂದು ಒಂದು ದಿನದ ಬಂದ್ ನಡೆಯಿತು. ಬೆಳಗಾವಿಯಲ್ಲಿ ಅಧಿವೇಶನ ಆರಂಭವಾದ ನವೆಂಬರ್ 13ರಂದು ವೈದ್ಯರು ಅಲ್ಲಿಯೇ ಸೇರಿದರು. ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಮುಚ್ಚಿದವು. ರೋಗಿಗಳು ತೀವ್ರ ತೊಂದರೆಗೊಳಗಾದರು. ವಿಷಯವು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ನವೆಂಬರ್ 17ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೊಡನೆ ಮಾತುಕತೆ ನಡೆದ ಬಳಿಕ ಮುಷ್ಕರ ಅಂತ್ಯಗೊಂಡಿತು.

ಲಾಭ–ನಷ್ಟದ ಲೆಕ್ಕ

ಅದೇ ತಿಂಗಳು ಅಂಗೀಕಾರವಾದ ರೂಪದಲ್ಲಿ ದರ ಮೀರಿದ್ದಕ್ಕೆ ಜೈಲು ಶಿಕ್ಷೆ ಇರಲಿಲ್ಲ. ದರ ನಿಗದಿಯು ಸರ್ಕಾರಿ ಆರೋಗ್ಯ ಯೋಜನೆಗಳಡಿ ನೀಡುವ ಚಿಕಿತ್ಸೆಗೆ ಸೀಮಿತವಾಯಿತು. ಆದರೆ ದರಪಟ್ಟಿಯ ಪ್ರದರ್ಶನ, ರೋಗಿಗಳ ಹಕ್ಕುಗಳ ಸನ್ನದು, ಜಿಲ್ಲಾಧಿಕಾರಿಗಳ ನೇತೃತ್ವದ ದೂರು ಪರಿಹಾರ ಪ್ರಾಧಿಕಾರ ಉಳಿದುಕೊಂಡವು. ಸರ್ಕಾರಿ ಆಸ್ಪತ್ರೆಗಳು ಕಾಯ್ದೆಯ ಹೊರಗೇ ಉಳಿದವು.

ಇಡೀ ಮಸೂದೆಯನ್ನು ಅಲ್ಲಗಳೆಯುವುದಕ್ಕಿಂತ ನಿರ್ದಿಷ್ಟ ಕಲಮುಗಳನ್ನು ಗುರುತಿಸಿ ಹೋರಾಡಿದ್ದು ಫಲ ನೀಡಿತೆಂಬುದು ಇದರಿಂದ ಸ್ಪಷ್ಟ. ಸಂಘಗಳ ಒಗ್ಗಟ್ಟು ಹಾಗೂ ಸದನದಲ್ಲಿ ಮತಕ್ಕೆ ಬರುವ ಮುನ್ನವೇ ಹಾಕಿದ ಒತ್ತಡ ನೆರವಾದವು. ಆದರೆ ಇದರ ಬೆಲೆಯನ್ನು ತೆತ್ತವರು ಆ ದಿನಗಳಲ್ಲಿ ಚಿಕಿತ್ಸೆಗಾಗಿ ಅಲೆದ ರೋಗಿಗಳು. ಅಂಗಡಿ ಮುಚ್ಚಿದರೆ ಗ್ರಾಹಕನು ಮರುದಿನ ಬರಬಹುದು. ರೋಗವು ಮರುದಿನದವರೆಗೆ ಕಾಯುವುದಿಲ್ಲ. ಅಂಕಿ-ಅಂಶ ಸಹಿತವಾದ ಮನವಿಯನ್ನು ಕರಡು ಹಂತದಲ್ಲಿಯೇ ಸಲ್ಲಿಸಿ, ಮುಷ್ಕರವನ್ನು ಕಟ್ಟಕಡೆಯ ಅಸ್ತ್ರವಾಗಿ ಉಳಿಸಿಕೊಳ್ಳುವುದೇ ಯಾವುದೇ ಸಂಘಕ್ಕೆ ಶ್ರೇಯಸ್ಕರ.