ಮುಚ್ಚಳ ತೆರೆಯದ ಮಡಕೆ

ಕೆಮ್ಮಣ್ಣುಗುಂಡಿಗೆ ಹೋಗಿಬಂದವರು ಹೆಬ್ಬೆಯ ಜಲಪಾತವನ್ನೋ ಕೃಷ್ಣರಾಜೇಂದ್ರ ಗಿರಿಧಾಮದ ಹೂದೋಟವನ್ನೋ ವರ್ಣಿಸುವುದು ವಾಡಿಕೆ. ಭದ್ರಾವತಿಯ ಕಾರ್ಖಾನೆಗೆ ಈ ಬೆಟ್ಟ ದಶಕಗಳ ಕಾಲ ಕಬ್ಬಿಣದ ಅದಿರನ್ನು ಒದಗಿಸಿತೆಂಬುದನ್ನು ಬಲ್ಲವರೂ ಉಂಟು. ನಾನು ವರ್ಣಿಸಹೊರಟಿರುವುದು ಮಾತ್ರ ಒಂದು ಮಡಕೆ ಅನ್ನವನ್ನು. ವಾಚಕರು ನಗಬಾರದು, ಆ ಅನ್ನ ಒಂದು ದಿನ ನನ್ನ ಮಾನ ಕಳೆದು, ಮರುದಿನ ಉಳಿಸಿತು.

ಗಿರಿಧಾಮದ ಸಮೀಪದ ಕಾಫಿ ತೋಟವೊಂದರಲ್ಲಿ ನನ್ನ ಸೋದರತ್ತೆಯ ಮನೆ. ಮಾವನವರು ತೀರಿಕೊಂಡ ಮೇಲೆ ಅತ್ತೆ ಮಣ್ಣಿನ ಮಡಕೆಯನ್ನು ಅಟ್ಟಕ್ಕೇರಿಸಿ, ಕುಕ್ಕರಿನಲ್ಲಿ ಹಿಡಿ ಅಕ್ಕಿ ಬೇಯಿಸಿಕೊಂಡು ದಿನ ನೂಕುತ್ತಿದ್ದರು. ಕಳೆದ ಡಿಸೆಂಬರಿನ ರಜೆಯಲ್ಲಿ ನಾನು ಹೋದಾಗ ನನ್ನ ಚೀಲದಲ್ಲಿ ಕೊಲ್ಕತ್ತದ ಮಿತ್ರನೊಬ್ಬ ಕೊಟ್ಟ ಚೀನೀ ಸಾಸೇಜುಗಳಿದ್ದವು. ಆ ನಗರದ ಚೀನೀ ಮೂಲದ ಕುಟುಂಬಗಳು ಇಂದಿಗೂ ಇವನ್ನು ತಯಾರಿಸುತ್ತವೆ.

ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದಲ್ಲೂ ಹಾಂಗ್‌ಕಾಂಗಿನಲ್ಲೂ ಚಳಿಗಾಲದ ಅಚ್ಚುಮೆಚ್ಚಿನ ಊಟ ‘ಬೋ ಜಾಯ್ ಫಾನ್’, ಎಂದರೆ ಪುಟ್ಟ ಮಡಕೆಯ ಅನ್ನ. ಹಂದಿಮಾಂಸವನ್ನು ಉಪ್ಪು, ಸಕ್ಕರೆ, ಸೋಯಾ ರಸ, ಮದ್ಯಗಳಲ್ಲಿ ನೆನೆಸಿ ಚಳಿಯ ಒಣಗಾಳಿಗೆ ತೂಗುಹಾಕುತ್ತಾರೆ. ಅವರ ಚಾಂದ್ರವರ್ಷದ ಕಡೆಯ ಮಾಸಕ್ಕೆ ‘ಲಾಪ್’ ಎಂದು ಹೆಸರು. ಹಾಗೆ ಒಣಗಿಸಿದ ಮಾಂಸಕ್ಕೂ ಅದೇ ಹೆಸರು. ನಮ್ಮ ಉಪ್ಪುಕಂಡದ ಉಪಾಯವೂ ಇದೇ ಅಲ್ಲವೆ? ಮಳೆಯ ಸೀಮೆಯಲ್ಲಿ ಒಣಗಾಳಿ ದುರ್ಲಭ. ಗಾಳಿಯ ಕೆಲಸವನ್ನು ಒಲೆಯ ಮೇಲಣ ಬಿಸಿಹೊಗೆ ಮಾಡುತ್ತದೆ.

ಅತ್ತೆಯನ್ನು ಕಾಡಿ ಮಡಕೆ ಇಳಿಸಿದೆ. ಒಂದು ಲೋಟ ಅಕ್ಕಿಯನ್ನು ಗಂಟೆ ಹೊತ್ತು ನೆನೆಸಿ ಬಸಿದು, ಒಂದೂಕಾಲು ಲೋಟ ನೀರಿಟ್ಟು ಕುದಿಸಿದೆ. ನೀರಿಂಗಿ ಅನ್ನದ ಮೇಲೆ ಸಣ್ಣ ತೂತುಗಳು ಕಂಡಾಗ ಸಾಸೇಜುಗಳನ್ನಿಟ್ಟು ಮುಚ್ಚಿ, ಉರಿ ತಗ್ಗಿಸಿದೆ. ಮಾಂಸದ ಕೊಬ್ಬು ಕರಗಿ ಅನ್ನಕ್ಕಿಳಿಯಬೇಕು. ತಳದಲ್ಲಿ ಹೊಂಬಣ್ಣದ ಗರಿಗರಿ ಪದರ ಹಿಡಿಯಬೇಕು. ನಾನಾದರೋ ಕುತೂಹಲ ತಾಳದೆ ನಾಲ್ಕು ಸಲ ಮುಚ್ಚಳ ಎತ್ತಿದೆ. ಫಲವೇನು? ತಳ ಕರಿ, ಮೇಲೆ ಅಕ್ಕಿ!

“ಗಳಿಗೆಗೊಂದು ಸಲ ಮುಚ್ಚಳ ತೆಗೆದ್ರೆ ಅನ್ನ ಹೇಗಪ್ಪಾ ಬೇಯ್ತದೆ? ದೇವರು ಮೂಗು ಯಾತಕ್ಕೆ ಕೊಟ್ಟಿದಾನೆ?” ಎಂದರು ಅತ್ತೆ.

ತಪ್ಪು ನನ್ನದೇ, ಆದರೆ ಬೆಟ್ಟದ್ದೂ ಪಾಲಿತ್ತು. ಗಿರಿಧಾಮದ ಎತ್ತರ ಸುಮಾರು 1,434 ಮೀಟರ್. ಅಷ್ಟೆತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ, ನೀರು 95 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅಲ್ಲಿ ಅನ್ನಕ್ಕೆ ನೀರೂ ಹೆಚ್ಚು ಬೇಕು, ಸಮಯವೂ ಹೆಚ್ಚು ಬೇಕು.

ಮರುದಿನ ಒಲೆಯ ಮುಂದೆ ಅತ್ತೆಯೇ ಕುಳಿತರು. ಸಾಸೇಜು ಮುಗಿದಿತ್ತು, ಮನೆಯ ಉಪ್ಪುಕಂಡವೇ ಗತಿ. ಅದು ಹಬೆಯಲ್ಲಿ ಮೆತ್ತಗಾಗದು, ಉಪ್ಪೂ ಹೆಚ್ಚು. ಆದ್ದರಿಂದ ಬಿಸಿನೀರಿನಲ್ಲಿ ನೆನೆಸಿ, ಬೇರೆಯಾಗಿ ಪೂರ್ತಿ ಬೇಯಿಸಿ, ತೆಳ್ಳಗೆ ಕೊಯ್ದರು. ಕೊಬ್ಬಿನ ಕೊರತೆಗೆ ಮಡಕೆಯ ಅಂಚಿನಲ್ಲಿ ಎರಡು ಚಮಚ ತುಪ್ಪ ಬಿಟ್ಟರು. ನೀರು ಒಂದೂವರೆ ಲೋಟ. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಮಡಕೆಯನ್ನು ಆಗಾಗ ತಿರುಗಿಸಿದರೇ ಹೊರತು ಮುಚ್ಚಳ ಮುಟ್ಟಲಿಲ್ಲ. ಒಳಗಿನ ಕುದಿತ ಅಡಗಿ ಚಟಪಟ ಸದ್ದೆದ್ದು, ಹುರಿದ ಅಕ್ಕಿಯ ಕಂಪು ಬಂದೊಡನೆ ಇಳಿಸಿ, ಹಸಿ ನೆಲ ತಾಗಿದರೆ ಮಡಕೆ ಸೀಳೀತೆಂದು ಗೋಣಿಯ ಮೇಲಿಟ್ಟು, ಹತ್ತು ನಿಮಿಷ ಹಾಗೇ ಬಿಟ್ಟರು.

ಅನ್ನ ಹೂವಿನಂತೆ ಅರಳಿತ್ತು. ತಳದ ಪದರವನ್ನು ಅತ್ತೆ ಸೌಟಿನಿಂದ ಕೆರೆದು ನನ್ನ ತಟ್ಟೆಗೆ ಹಾಕುತ್ತ, “ಇದು ನಿಮ್ಮ ಮಾವನ ಪಾಲು. ಯಾರಿಗೂ ಬಿಟ್ಟುಕೊಡ್ತಿರಲಿಲ್ಲ” ಎಂದರು. ಬಳಿಕ ಅರ್ಧ ಮುರಿದು ತಾವೂ ಬಾಯಿಗಿಟ್ಟುಕೊಂಡರು.

ನಾನು ಹೊರಡುವ ದಿನ ಮಡಕೆ ಮತ್ತೆ ಅಟ್ಟಕ್ಕೇರಿರಲಿಲ್ಲ. ತೊಳೆದು, ಒಲೆಯ ಪಕ್ಕದಲ್ಲೇ ಬೋರಲು ಹಾಕಿದ್ದರು.